ಜಿನ್ನು ಹಿಡಿದವಳ ನಿದ್ದೆ

ಶ್ರೀಮತ್ ಜೋಳದ ಹಿಟ್ಟಿನ ಹರಿವಾಣದ ಸಾರ್ವಭೌಮೆ, ಸೊಂಟದಲ್ಲಿ ಕೂಸು, ತಲೆಯ ಮೇಲೆ ಕೊಡ, ಕೈಯಲ್ಲಿ ಬುತ್ತಿ, ಬಾಯಲ್ಲಿ ಬೈಗುಳ ಧರಿಸಿದ ಚತುರ್ಭುಜೆ, ಗೋಕಾಕ ಪಟ್ಟಣದ ಹತ್ತಿಯ ಧೂಳಿನಿಂದ ನಿತ್ಯ ಅಭಿಷೇಕಗೊಂಡ ಅಖಂಡ ಸೌಭಾಗ್ಯವತಿ ಮಾತೋಶ್ರೀ ನೀಲವ್ವನವರ ದಿವ್ಯ ಪಾದಗಳ ಸನ್ನಿಧಾನಕ್ಕೆ, ಮೂಡಲಗಿ ಪೇಟೆಯ ಬೇವಿನ ಮರದ ಕೆಳಗಿನ ಅರ್ಜಿ ಬರೆಯುವ ಗಾದಿಯ ಏಕೈಕ ಪೀಠಾಧಿಪತಿಯೂ, ತಮ್ಮ ಚರಣಧೂಳಿಯ ಒಂದು ಕಣವೂ ಆದ ಈರಪ್ಪನು ಹೊಡಮಟ್ಟು ಬಿನ್ನವಿಸಿಕೊಳ್ಳುವುದೇನೆಂದರೆ...

ಅವ್ವಾ, ನಗಬೇಡ. ಇದು ನನ್ನ ಹೊಟ್ಟೆಪಾಡು. ಎಮ್ಮೆ ಕಳೆದುಕೊಂಡವನು ಬಂದು ನನ್ನೆದುರು ಕುಕ್ಕರಗಾಲಿನಲ್ಲಿ ಕೂತರೂ, ಮಾಮಲೇದಾರ ಸಾಹೇಬರಿಗೆ ಇಷ್ಟುದ್ದದ ಬಿರುದು ಹಚ್ಚಿದ ಮೇಲೆಯೇ ನಾನು ಎಮ್ಮೆಯ ವಿಷಯಕ್ಕೆ ಬರುವುದು. ಬಿರುದು ಉದ್ದವಾದಷ್ಟೂ ಜನಕ್ಕೆ ಸಮಾಧಾನ. "ಈರಪ್ಪ ಬರದಾನಂದ್ರ ಸಾಹೇಬ ಎದ್ದ ನಿಂತs ಓದಬೇಕ ನೋಡ್ರಿ" ಎನ್ನುತ್ತಾರೆ. ಸಾಹೇಬರು ಎದ್ದು ನಿಂತರೋ ಇಲ್ಲವೋ, ಎಮ್ಮೆಯಂತೂ ಇನ್ನೂ ಸಿಕ್ಕಿಲ್ಲ.

ಬಿರುದಾದ ಮೇಲೆ ಕ್ಷೇಮ ಬರೆಯುವುದು ಪದ್ಧತಿ. ನಾವೆಲ್ಲ ಇತ್ತ ಕುಶಲ, ತಮ್ಮ ಕುಶಲ ತಿಳಿಸುತ್ತಿರಬೇಕು, ಎಂದು. ಅಲ್ಲಿಗೆ ಬಂದು ಬರೆಯುವ ಟಾಕು ನಿಂತುಬಿಟ್ಟಿತು. ನಿನ್ನ ಕುಶಲವನ್ನು ಈಗ ಯಾರ ಕೈಯಲ್ಲಿ ಕೇಳಿ ಕಳಿಸಲಿ? ನೀನು ಇದ್ದಾಗ, ಕಣ್ಣೆದುರಿಗೇ ಓಡಾಡಿಕೊಂಡಿದ್ದಾಗ, 'ಹೆಂಗದೀ ನೀಲವ್ವ?' ಎಂದವರು ಯಾರು? ಅಪ್ಪ ಕೇಳಲಿಲ್ಲ. ನಿನ್ನ ಅತ್ತೆ ಆಯಿ ಕೇಳಲಿಲ್ಲ. ನಾನು ಕೇಳಿದ್ದೆಲ್ಲ ರೊಟ್ಟಿ. ಆದ್ದರಿಂದ ಕುಶಲದ ಸಾಲನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ ಎಂಬುದೂ ಗೊತ್ತು. ಅಲ್ಲಿ ಬಿಡುವು ಸಿಕ್ಕು ಕಲಿತಿರಬಹುದು. ಇಲ್ಲದಿದ್ದರೆ ಆಯಿಯೂ ಈಗ ಅಲ್ಲಿಗೇ ಬಂದಿದ್ದಾಳೆ, ಅತ್ತೆ ಸೊಸೆ ಕೂಡಿ ಯಾರಿಂದಲಾದರೂ ಓದಿಸಿಕೊಳ್ಳಿರಿ.

ತಂಗಿ ಗಂಗಿ ಹುಟ್ಟಿದ ಮೇಲೆ, ನೀನು ಮೊದಲ ಸಲ ಹತ್ತಿಯ ಕಾರಖಾನೆಗೆ ಹೊರಟ ಬೆಳಗು ಕಣ್ಣಿಗೆ ಕಟ್ಟಿದಂತಿದೆ. ಅಪ್ಪನ ಚಕ್ಕಡಿ ಕೊಣ್ಣೂರ, ನಾಗನೂರ ಎಂದು ಹತ್ತಿಯ ಅಂಡಿಗೆ ಹೇರಿಕೊಂಡು ತಿರುಗುತ್ತಿತ್ತು. ಎತ್ತಿನ ಕಾಲು ಕುಂಟಾದ ವರ್ಷ ಅದು, ನಿನ್ನ ಪಗಾರವಿಲ್ಲದೆ ಮನೆ ನಡೆಯುವಂತಿರಲಿಲ್ಲ. ಕೂಸು ಕಾಯಲು ಮೂಡಲಗಿಯಿಂದ ಅಪ್ಪನ ಅವ್ವ, ನಮ್ಮ ಆಯಿ, ಬಂದಳು. ಕಾಯುವುದೆಂದರೆ ತೊಟ್ಟಿಲ ಹಗ್ಗ ಹಿಡಿದು ತಾನೇ ತೂಕಡಿಸುವುದು. ಮುಂಜಾನೆಯ ನೀಲವ್ವ ಬೀಸಿಟ್ಟ ಹಿಟ್ಟಿನಿಂದ ಸಂಜೆಯ ನೀಲವ್ವ ಬಂದು ರೊಟ್ಟಿ ಬಡಿಯುತ್ತಿದ್ದಳು. ನಡುವಿನ ನೀಲವ್ವ ಕಾರಖಾನೆಯಲ್ಲಿ ಯಂತ್ರದ ಬಾಯಿಗೆ ಹತ್ತಿ ಉಣಿಸುತ್ತಿದ್ದಳು. ಮೂವರಿಗೂ ಇದ್ದದ್ದು ಒಂದೇ ಬೆನ್ನು. ಸಂಜೆ ಹುಬ್ಬು, ರೆಪ್ಪೆ, ಮುಂಗೂದಲಿಗೆಲ್ಲ ಅರಳೆ ಹತ್ತಿಕೊಂಡು ನೀನು ಒಳಗೆ ಬಂದರೆ ನಾನು ಎದ್ದು ನಿಂತು, "ಬರ್ರಿ ಮುದುಕಮ್ಮಾರ, ಯಾವೂರಾತ್ರಿ?" ಎಂದು ಕೈ ಮುಗಿಯುತ್ತಿದ್ದೆ. ನೀನು ಕಟ್ಟಿಗೆಯ ಸೀಳು ಎತ್ತಿಕೊಂಡು, "ಭಾಡ್ಯಾ, ನಿನ್ನ ಹೆಣ್ತಿ ಊರಾತು" ಎನ್ನುತ್ತಿದ್ದೆ. ಈ ಚ್ಯಾಷ್ಟಿ, ಈ ತಮಾಷೆಯ ಬುದ್ಧಿ, ನನಗೆ ಎಲ್ಲಿಂದ ಬಂತು ಎಂದು ಊರವರು ಕೇಳುತ್ತಾರೆ. ಅವರು ನಿನ್ನನ್ನು ನೋಡಿಲ್ಲ.

ಒಂದು ಮಧ್ಯಾಹ್ನದ ನೆನಪು ಮಾತ್ರ ಬಂದಾಗಲೆಲ್ಲ ನಾನು ಬೇರೆ ಏನನ್ನಾದರೂ ಜೋರಾಗಿ ಮಾತಾಡತೊಡಗುತ್ತೇನೆ. ಬಿಡುವಿನ ಹೊತ್ತಿಗೆ ಗಂಗಿಯನ್ನು ಮೊಲೆಯುಣಿಸಲು ಹೊತ್ತು ತರುವುದು ನನ್ನ ಕೆಲಸವಾಗಿತ್ತಲ್ಲ? ಸುಮ್ಮನೆ ತಂದರೆ ನಾನು ಈರ್ಯಾ ಹೇಗಾಗಲಿ? "ಎಚ್ಚರಿಕೆ! ಗಂಗಾಬಾಯಿ ಸರಕಾರದ ಸವಾರಿ ಬರಾಕತ್ತೈತಿ! ಬಾಜೂಕ ಸರೀರಿ, ಬಾಜೂಕ!" ಎಂದು ಕೂಗುತ್ತ ಗೇಟಿನೊಳಗೆ ಬರುತ್ತಿದ್ದೆ. ಹೆಂಗಸರೆಲ್ಲ, "ಬಂದ ನೋಡವಾ ನೀಲವ್ವನ ಖೋಡಿ" ಎಂದು ನಗುತ್ತಿದ್ದರು. ಅವತ್ತು ನೀನು ಹತ್ತಿಕಾಳಿನ ಚೀಲಕ್ಕೆ ಒರಗಿ ಕೂಸಿಗೆ ಹಾಲು ಕೊಡುತ್ತ ಕೊಡುತ್ತಲೇ ನಿದ್ದೆ ಹೋದೆ. "ಏ ನೀಲವ್ವ, ಕೂಸು ಕುಡ್ಯಾಕತ್ತೈತೋ, ನೀನs ಕುಡದು ಬಿದ್ದೀಯೋ?" ಎಂದು ಯಾರೋ ಅಂದರು. ನೀನು ಏಳಲಿಲ್ಲ. ಬಿಡುವು ಮುಗಿಯಿತೆಂದು ಕಾರಖಾನೆಯ ಭೋಂಗಾ ಕೂಗಿತು. ಆಗ ದಡಕ್ಕನೆ ಎದ್ದೆ. ಎದ್ದವಳು ಹತ್ತಿಯ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟೆ. ಕೂಸನ್ನು ಎತ್ತಿಕೊಂಡು ಯಂತ್ರದ ಕಡೆಗೆ ನಡೆದೆ.

ದೂರವೇನೂ ಹೋಗಲಿಲ್ಲ. ಹೆಂಗಸರು ಹೋ ಎಂದು ನಕ್ಕರು, ನಾನೂ ಬುಟ್ಟಿಯನ್ನು ಎದೆಗವಚಿಕೊಂಡು, "ಜೋ ಜೋ ಅರಳೀ" ಎಂದು ಲಾಲಿ ಹಾಡಿದೆ. ನೀನು ನಿಂತೆ. ಕೈಯಲ್ಲಿದ್ದುದನ್ನು ನೋಡಿಕೊಂಡೆ. ನಿನ್ನ ಮುಖ ಅರಳೆಯಷ್ಟು ಬೆಳ್ಳಗಾಯಿತು, ನಾನು ಲಾಲಿಯನ್ನು ಅರ್ಧಕ್ಕೇ ಬಿಟ್ಟೆ. ಅವತ್ತು ಮನೆಗೆ ಬಂದ ಮೇಲೆ ನೀನು ಗಂಗಿಯನ್ನು ಎತ್ತಿಕೊಳ್ಳಲು ಹೋಗಿ ಎರಡೂ ಕೈ ಹಿಂದೆ ತೆಗೆದುಕೊಂಡೆ. "ಈರ್ಯಾ, ನೀ ಎತ್ತಿ ನನ್ನ ತೊಡೀ ಮ್ಯಾಲೆ ಇಡು. ನನ್ನ ಕೈ ನನ್ನ ಮಾತ ಕೇಳವಲ್ದು" ಎಂದೆ. ಇದನ್ನು ಬೇರೆ ಯಾರಿಗೆ ಹೇಳಿದ್ದೆ? ಹೇಳಿದ್ದರೆ ಯಾರು ಏನನ್ನುತ್ತಿದ್ದರು? 'ಎಲ್ಲಾರೂ ಹಡಿಯೂದಿಲ್ಲೇನು, ಎಲ್ಲಾರೂ ದುಡಿಯೂದಿಲ್ಲೇನು' ಎನ್ನುತ್ತಿದ್ದರು. ಹೌದು, ಎಲ್ಲರೂ ಹಡೆಯುತ್ತಾರೆ, ದುಡಿಯುತ್ತಾರೆ. ಆ ಎಲ್ಲರೂ ಎಷ್ಟು ಹೊತ್ತು ಮಲಗುತ್ತಾರೆ ಎಂದು...

ಅದಾದ ಮೇಲೆ ಒಂದು ಸಂಜೆ ನೀನು ಬುತ್ತಿಯ ಗಂಟು ಹಿಡಿದು ಹೊಸ್ತಿಲಲ್ಲಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ನಿಂತೇ ಇದ್ದೆ. "ಈರ್ಯಾ, ನಾ ಈಗ ಹೊಂಟೇನೋ, ಬಂದೇನೋ?" ಎಂದೆ. ನಾನು ಎದ್ದು ಬಗ್ಗಿ, "ಮಹಾರಾಣಿಯವರು ಈಗಷ್ಟೇ ಆಗಮಿಸಿದ್ದಾರೆ" ಎಂದೆ. ನೀನು ನಗಲಿಲ್ಲ, ಹೇಳಿದ್ದಕ್ಕೆ ಉಪಕಾರವಾಯಿತು ಎಂಬಂತೆ ತಲೆಯಾಡಿಸಿದೆ. ಒಳಗಿನಿಂದ ಆಯಿ ಮೊರದಲ್ಲಿ ಜೋಳ ಕೇರುತ್ತ, "ಏನಾಗೈತ್ಯ ನಿನಗ? ಹೊಸ್ತಲದಾಗ ಹಂಗ್ಯಾಕ ನಿಂತಿ, ಮೂರಸಂಜೀ ಹೊತ್ತಿನ್ಯಾಗ?" ಎಂದಳು. ಆಗ ನಿನ್ನ ಬಾಯಲ್ಲಿ ಹಳೆಯ ಚ್ಯಾಷ್ಟಿ ಎಲ್ಲಿ ಉಳಿದಿತ್ತೋ, ಹೊರಗೆ ಬಂತು.

"ಏನಿಲ್ರಿ ಅತ್ತಿ. ಜಿನ್ನ ಹಿಡದೈತಿ, ಬಿಡವಲ್ದು."

ಗೋಕಾಕದಲ್ಲಿ ಹತ್ತಿಯ ಕಾರಖಾನೆಗೆ ಎಲ್ಲರೂ ಜಿನ್ನು ಎನ್ನುತ್ತಿದ್ದೆವು. ಬೀಜ ಬಿಡಿಸುವ ಯಂತ್ರದ ಹೆಸರೇ ಅದು. ಜಿನ್ನಿಗೆ ಹೋಗುವುದು, ಜಿನ್ನಿನಿಂದ ಬರುವುದು, ಇದೇ ನಮ್ಮ ಮಾತು. ಆಯಿ ಮಾತ್ರ ಬಂದಾಗಿನಿಂದ ಕಾರಖಾನಿ ಎಂದೇ ಕರೆಯುತ್ತಿದ್ದಳು. ಆಕೆಗೆ ಗೊತ್ತಿದ್ದ ಜಿನ್ನು ಒಂದೇ, ಹುಣಸೆಯ ಮರದಲ್ಲಿ ಕೂತು ಹಸಿಬಾಣಂತಿಯರ ಮೇಲೆ ಇಳಿಯುವುದು. ಮೊರ ಕೈಯಿಂದ ಬಿತ್ತು. ಜೋಳವೆಲ್ಲ ಚೆಲ್ಲಿತು. "ಅಯ್ಯ ನನ್ನ ಶಿವನ!" ಎಂದು ಆಯಿ ಗೋಡೆಗೆ ಆತುಕೊಂಡಳು. ನನಗೆ ನಗು ತಡೆಯಲಾಗದೆ ಬಾಯೊಳಗೆ ಅಂಗಿಯ ತೋಳು ತುರುಕಿಕೊಂಡೆ. ತಿದ್ದಿ ಹೇಳುತ್ತೀಯೆಂದು ನಿನ್ನ ಕಡೆ ನೋಡಿದೆ. ನೀನು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಆಯಿ ಎದ್ದು ಬಂದು ನಿನ್ನ ಕೈಯಿಂದ ಬುತ್ತಿಯ ಗಂಟು ತೆಗೆದುಕೊಂಡು, ನಿನ್ನ ತೋಳು ಹಿಡಿದು, "ಬಾ ನನ್ನವ್ವ, ಕುಂದರು. ನೀರ ಕುಡಿ" ಎಂದಳು. ನೀನು ಬಾಯಿ ಮುಚ್ಚಿದೆ. ಕೂತೆ. ನೀರು ಕುಡಿದೆ. ಆಮೇಲೆ ಆಯಿಯ ಹೆಗಲ ಮೇಲಿಂದ ನನಗೊಂದು ಕಣ್ಣು ಹೊಡೆದೆ.

ಆ ಕಣ್ಣನ್ನು ಇಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಅವ್ವಾ. ದಣಿವಾಗಿದೆ ಎಂದಿದ್ದರೆ ಆ ಮನೆಯಲ್ಲಿ ಚಾಪೆ ಬಿಟ್ಟು ಏಳುವವರು ಯಾರಿದ್ದರು? ಜಿನ್ನು ಎಂದ ಕೂಡಲೇ ಇಡೀ ಮನೆ ಎದ್ದು ನಿಂತಿತು. ಅಪ್ಪ ಚಕ್ಕಡಿ ಬಿಟ್ಟು ಓಡಿ ಬಂದ. ಹುಕ್ಕೇರಿಗೆ ಕೊಟ್ಟಿದ್ದ ಅತ್ತೆ, ಅಪ್ಪನ ತಂಗಿ ಬಾಳವ್ವ, ಅಲ್ಲಿಯ ಹಳೆಯ ಗುಮ್ಮಟಗಳ ಬಾಜೂಕೆ ಜಿನ್ನು ಬಿಡಿಸುವ ಒಬ್ಬ ಫಕೀರಜ್ಜನಿದ್ದಾನೆ, ಕರೆದುಕೊಂಡು ಬರ್ರಿ ಎಂದು ಹೇಳಿ ಕಳಿಸಿದಳು. ಯಾವಾಗಲೂ ಎಲ್ಲರೂ ಉಂಡ ಮೇಲೆ ನೀನು ತಳ ಕೆರೆದು ಉಣ್ಣುತ್ತಿದ್ದ ಗಡಿಗೆಯಿಂದ ಆಯಿ ಮೊದಲು ನಿನಗೇ ಬಡಿಸಿದಳು. ನಮ್ಮ ಮನೆಯಲ್ಲಿ ಹೆಣ್ಣಿನ ನೋವಿಗೆ ಕಿವಿಯಿರಲಿಲ್ಲ, ದೆವ್ವದ ಹೆಸರಿಗಿತ್ತು. ನೀನು ಆ ಹೆಸರನ್ನು ಎರವಲು ತಂದೆ. ಬೇರೆ ದಾರಿ ಇತ್ತೇನು?

ಹುಕ್ಕೇರಿಗೆ ಹೋದ ಚಕ್ಕಡಿಯ ಪಯಣ ನಿನಗೆ ನೆನಪಿರಲಾರದು, ಯಾಕೆಂದರೆ ಗೋಕಾಕದ ಸೀಮೆ ದಾಟುವುದರೊಳಗೆ ನೀನು ಹುಲ್ಲಿನ ಮೇಲೆ ಮಗ್ಗುಲಾಗಿ ನಿದ್ದೆ ಹೋಗಿದ್ದೆ. ಗಂಗಿ ನಿನ್ನ ಹೊಟ್ಟೆಗೆ ಅಂಟಿಕೊಂಡು ಮಲಗಿದ್ದಳು. ಚಕ್ಕಡಿ ತಗ್ಗಿಗಿಳಿದರೂ ಏಳಲಿಲ್ಲ, ಎತ್ತು ಬೆದರಿ ನಿಂತರೂ ಏಳಲಿಲ್ಲ. ಬಾಯಿ ತೆರೆದಿತ್ತು. ಗೊರಕೆ ಹೊಡೆದೆ. ಆಯಿ ನಡುಗುತ್ತ, "ಕೇಳ ಮಗನ, ಅದರ ದನಿ ಹೆಂಗೈತಿ" ಎಂದಳು. ನಾನು ಗಂಭೀರವಾಗಿ ಕಿವಿ ಹಚ್ಚಿ, "ಹೌದಾಯಿ, ಅದು ಮುಸಲ್ಮಾನರ ಮಾತ ಆಡಾಕತ್ತೈತಿ" ಎಂದೆ. ಅಷ್ಟು ಸುಖದ ದಾರಿ ನಮ್ಮ ಮನೆಯವರು ಮತ್ತೆ ಕೂಡಿ ನಡೆಯಲಿಲ್ಲ.

ಫಕೀರಜ್ಜನ ಎದುರು ನೀನು ನಾಟಕ ಮಾಡುತ್ತೀಯೆಂದುಕೊಂಡಿದ್ದೆ. ಕಣ್ಣು ತಿರುಗಿಸುತ್ತಿ, ಹಲ್ಲು ಕಡಿಯುತ್ತಿ, ಆಮೇಲೆ ನಾವಿಬ್ಬರೂ ಸೇರಿ ನಗುವುದು ಎಂದು. ಆತ ಬೇವಿನ ಸೊಪ್ಪು ಎತ್ತಿ, "ಯಾರ ನೀ? ಯಾಕ ಈಕಿನ ಹಿಡದಿ?" ಎಂದು ಕೇಳಿದ. ನೀನು ಅಳತೊಡಗಿದೆ. ಹನಿ ಒರೆಸಿಕೊಳ್ಳುವ ಅಳುವಲ್ಲ, ದನ ಕೂಗಿದಂಥ ಅಳು. ಅಪ್ಪ ಮುಖ ತಿರುಗಿಸಿದ. ಸೊಪ್ಪು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಅಳು ಮುಗಿಯುವ ತನಕ ಆತ ಕಾದ, ಊದಿದ, ತೋಳಿಗೆ ಕರಿದಾರ ಕಟ್ಟಿದ. ಆಮೇಲೆ, "ಈಕಿ ಮಲಗಿದಾಗ ಯಾರೂ ಎಬ್ಬಿಸಬ್ಯಾಡ್ರಿ. ಎಬ್ಬಿಸಿದವ್ರ ಹೆಗಲ ಮ್ಯಾಲೆ ಅದು ಹೋಗಿ ಕುಂದರತೈತಿ" ಎಂದ.

"ಎಲ್ಲೀಮಟಾರಿ ಅಜ್ಜಾರ?" ಎಂದು ಅಪ್ಪ ಕೇಳಿದ.

"ಅದು ಬಿಟ್ಟ ಹೋಗೂಮಟಾ."

ಆತನಿಗೆ ಎಲ್ಲ ತಿಳಿದಿತ್ತೇನು? ಇಲ್ಲವೇ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದನೇನು? ನಾವು ಹೊರಡುವಾಗ ಹಲ್ಲುನೋವಿನ ಒಬ್ಬ ಮುದುಕನಿಗೂ ಅದೇ ಕರಿದಾರ ಕಟ್ಟುತ್ತಿದ್ದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೊದಲು ನಗುವೇ ಬರುತ್ತದೆ. ನೀನು ಮಲಗಿದೆಯೆಂದರೆ ಆಯಿ ರೊಟ್ಟಿ ಬಡಿಯಲು ಹಿಟ್ಟು ನಾದುವ ಕೊಣಮಿಗೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದಳು. ಅಪ್ಪ ಓಣಿಯ ಮೂಲೆಯಲ್ಲೇ ಎತ್ತಿನ ಕೊರಳಿನ ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು ಬರುತ್ತಿದ್ದ. ನನಗೆ ನಾನೇ ನಿದ್ರಾ ಸಂಸ್ಥಾನದ ದಿವಾನಗಿರಿ ಕೊಟ್ಟುಕೊಂಡು, ಬಾಗಿಲಲ್ಲಿ ಕೋಲು ಹೆಗಲಿಗಿಟ್ಟು ನಿಂತು, ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ನೀನು ಕೆಲಸ ಬಿಡಲಿಲ್ಲ, ಬಿಡುವಂತಿರಲಿಲ್ಲ. ಭೋಂಗಾಕ್ಕೆ ಯಾವ ಫಕೀರನ ಅಂಕೆಯೂ ಇರಲಿಲ್ಲ. ಆದರೆ ಸಂಜೆ ಬಂದರೆ ಮಲಗುತ್ತಿದ್ದೆ. ಮೈಮೇಲೆ ಸ್ವಲ್ಪ ಬಣ್ಣ ಬಂತು. ಒಮ್ಮೆ ನನ್ನ ಕಿವಿ ಹಿಡಿದೆಳೆದು, "ಖರೇ ಹೇಳಾಕ ಹೋಗೀ ಮತ್ತ, ನನ್ನ ನಿದ್ದಿ ಹಾರಿ ಹೊಕ್ಕೈತಿ" ಎಂದೆ.

ಆದರೆ ಗಂಗಿಯ ವಿಷಯ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಒಂದು ಬೆಳಿಗ್ಗೆ ನೀನು ಕಣ್ಣು ಬಿಟ್ಟು ಪಕ್ಕಕ್ಕೆ ಕೈ ಚಾಚಿದರೆ ಚಾಪೆ ಖಾಲಿ. ಆಯಿ ಕೂಸನ್ನು ಅಡುಗೆಮನೆಯ ಒಳಗೆ ಇಟ್ಟುಕೊಂಡು ಬೆರಳಿನಿಂದ ಮೇಕೆಯ ಹಾಲು ನೆಕ್ಕಿಸುತ್ತಿದ್ದಳು. "ಜಿನ್ನ ಹಿಡದಾಕಿ ಹಾಲು ಕೂಸಿಗೆ ಆಗಬರೂದಿಲ್ಲ. ನೀ ದೂರ ಇರು ನನ್ನವ್ವ" ಎಂದಳು, ಬೈದಲ್ಲ, ಬಹಳ ಮೆತ್ತಗೆ. ಮಧ್ಯಾಹ್ನದ ನನ್ನ ಸವಾರಿಯೂ ನಿಂತಿತು. ಕಾರಖಾನೆಯಲ್ಲಿ ಹೆಂಗಸರು ನಿನ್ನ ಪಕ್ಕ ಕೂಡದೆ ಸರಿದರು. ಹಾಲು ಕಟ್ಟಿ, ಕುಬಸ ಒದ್ದೆಯಾಗಿ, ನೀನು ಗೋಡೆಗೆ ಮುಖ ಮಾಡಿ ಹಿಂಡಿ ಚೆಲ್ಲುವುದನ್ನು ನಾನು ನೋಡಿದೆ. ಆ ದೃಶ್ಯಕ್ಕೆ ನನ್ನಲ್ಲಿ ಯಾವ ಬಿರುದೂ ಇಲ್ಲ. ನಿದ್ದೆ ಬೇಕೆಂದರೆ ಕೂಸಿಲ್ಲ, ಕೂಸು ಬೇಕೆಂದರೆ ನಿದ್ದೆಯಿಲ್ಲ. ಇಂಥ ಕರಾರನ್ನು ಯಾವ ಅರ್ಜಿಯಲ್ಲೂ ನಾನು ಇನ್ನೂ ಬರೆದಿಲ್ಲ.

ನೀನು ಕೂಸನ್ನೇ ಆರಿಸಿಕೊಂಡೆ. ಎಲ್ಲರೂ ಉಣ್ಣಲು ಕೂತಾಗ, "ಅತ್ತೀ, ನಾ ಚ್ಯಾಷ್ಟಿ ಮಾಡಿದ್ದೇನ್ರಿ. ಅದು ಅರಳಿ ಜಿನ್ನ. ಕಾರಖಾನಿ. ನನಗೇನೂ ಹಿಡದಿಲ್ಲ, ದಣದಿದ್ದೆ ಅಷ್ಟ. ಗಂಗೀನ ಕೊಡ್ರಿ" ಎಂದೆ.

ಆಯಿ ತುತ್ತು ಕೆಳಗಿಟ್ಟು ನಿನ್ನ ತಲೆ ಸವರಿದಳು. "ಹೌದವ್ವ, ಹೌದು. ಅದು ಹಂಗs ಹೇಳತೈತಿ."

"ಅಲ್ರೀ, ನಾ ಹೇಳಾಕತ್ತೇನಿ! ಈರ್ಯಾನ್ನ ಕೇಳ್ರಿ, ಅವಗ ಗೊತ್ತೈತಿ!"

ಎಲ್ಲರೂ ನನ್ನ ಕಡೆಗೆ ನೋಡಿದರು. ನಾನು ಎದ್ದು ನಿಂತೆ. ಜೀವನದಲ್ಲಿ ಮೊದಲ ಸಲ ಚ್ಯಾಷ್ಟಿಯಿಲ್ಲದೆ, ಕೊರಳ ಲಿಂಗ ಮುಟ್ಟಿ, "ಶಿವನಾಣಿ, ಅವ್ವ ಹೇಳೂದು ಖರೆ" ಎಂದೆ. ಅಪ್ಪ ನನ್ನ ಮುಖವನ್ನು ನೋಡುತ್ತ ನೋಡುತ್ತ ನಕ್ಕುಬಿಟ್ಟ. "ಮಗನ ಸೋಗು ನೋಡಿದ್ಯಾ, ಥೇಟ್ ಸ್ವಾಮ್ಗೋಳು!" ಎಂದ. ನಾನು ಅತ್ತೆ. ಅದೂ ಸೋಗು ಎಂದರು.  ಅವತ್ತಿನಿಂದ ನಿನ್ನ ನಿದ್ದೆಯ ಬಣ್ಣವೇ ಬದಲಾಯಿತು. ಮೊದಲು ನಿದ್ದೆ ಸಿಗುತ್ತಿರಲಿಲ್ಲ, ಈಗ ಎಚ್ಚರವಿರಲು ನಿನಗೆ ಮನಸ್ಸಿರಲಿಲ್ಲ. ಉಣ್ಣುವುದು ಬಿಟ್ಟೆ. ಹುಬ್ಬಿನ ಅರಳೆಯನ್ನೂ ಒರೆಸಿಕೊಳ್ಳದೆ ಹಾಗೇ ಮಲಗುತ್ತಿದ್ದೆ. ನಾನು ಮುದುಕಮ್ಮನ ಆಟ ಆಡಿದೆ, ನೀನು ಕಟ್ಟಿಗೆ ಎತ್ತಲಿಲ್ಲ. 'ನೋಡ್ರಿ, ಎಷ್ಟ ಶಾಂತ ಆಗ್ಯಾಳ' ಎಂದು ಆಯಿ ಓಣಿಗೆಲ್ಲ ಹೇಳಿಕೊಂಡು ಬಂದಳು.

ಜ್ವರದ ದಿನವನ್ನು ಬರೆಯದೆ ಮುಗಿಸಬಹುದೇನು ಎಂದು ನೋಡಿದೆ. ಆಗುವುದಿಲ್ಲ. ಬಿಸಿಲುಗಾಲದ ಕೊನೆಗೆ ನೀನು ಕಾರಖಾನೆಯಿಂದ ಬಂದಾಗ ಮೈ ಕಾವಲಿಯಂತೆ ಸುಡುತ್ತಿತ್ತು. ಆಯಿ ಕಷಾಯ ಕುಡಿಸಿದಳು, ಮಲಗಿದೆ. ಮರುದಿನ ಭೋಂಗಾ ಕೂಗಿತು, ನೀನು ಏಳಲಿಲ್ಲ. ಮನೆಯಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ಭೋಂಗಾಕ್ಕೂ ಏಳದಂಥ ನಿದ್ದೆ ಬಂದಿದೆಯಲ್ಲ ಎಂದು ಆಯಿ ದೇವರಿಗೆ ಕೈ ಮುಗಿದಳು. ಕೆಲಸಕ್ಕೆ ಕರೆಯಲು ಬಂದ ಹೆಂಗಸನ್ನು ನಾನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದೆ. ನಾಯಿ ಬೊಗಳಿದರೆ ನಾಯಿಯನ್ನು ಅಟ್ಟಿದೆ. ಬಿಸಿಲೇರಿತು. ಅಪ್ಪ ಗೆಜ್ಜೆ ಕೈಯಲ್ಲಿ ಹಿಡಿದುಕೊಂಡು ಬಂದು, "ಇನ್ನೂ ಮಲಗ್ಯಾಳೇನು?" ಎಂದು ಸನ್ನೆಯಲ್ಲೇ ಕೇಳಿದ. ನಾನು ಕೋಲು ನೆಟ್ಟಗೆ ಹಿಡಿದು, "ಸದ್ದು! ಮಹಾರಾಣಿಯವರು ನಿದ್ರಿಸುತ್ತಿದ್ದಾರೆ" ಎಂದು ಪಿಸುಗುಟ್ಟಿದೆ. ಅಪ್ಪ ನಗುತ್ತ ತುದಿಗಾಲಲ್ಲಿ ಹಿತ್ತಲಿಗೆ ಹೋದ. ನಾವೆಲ್ಲ ಅವತ್ತು ಎಷ್ಟು ಒಳ್ಳೆಯವರಾಗಿದ್ದೆವು, ಅವ್ವಾ!

ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಎಬ್ಬಿಸಿದವರ ಹೆಗಲಿಗೆ ಅದು ಏರುತ್ತದಲ್ಲ. ಗಂಗಿಗೆ ಮಾತ್ರ ಆ ಮಾತು ಗೊತ್ತಿರಲಿಲ್ಲ. ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದಳು. ಆಯಿಯ ಕಣ್ಣು ತಪ್ಪಿಸಿ, ನನ್ನ ಕಾಲುಗಳ ನಡುವೆ ನುಗ್ಗಿ, ಇಷ್ಟು ದಿನ ಯಾರೂ ಕೊಡದ ತನ್ನ ಅವ್ವನ ಹತ್ತಿರ ತಾನೇ ಹೋದಳು. ನಾನು ತಡೆಯಲಿಲ್ಲ. ಮಲಗಿದಲ್ಲೇ ನೀನು ಆಕೆಯನ್ನು ಅವಚಿಕೊಳ್ಳಲಿ, ಆಯಿಗೆ ಗೊತ್ತಾಗುವುದರೊಳಗೆ ಕೂಸು ಹಾಲು ಕುಡಿದಿರಲಿ ಎಂದು ಬೆನ್ನು ತಿರುಗಿಸಿ ಕಾವಲು ನಿಂತೆ. ಹಿಂದಿನಿಂದ ಗಂಗಿಯ ಕೂಗು ಕೇಳಿತು. ತಿರುಗಿದೆ. ಗಂಗಿ ಸೆರಗು ಜಗ್ಗುತ್ತಿದ್ದಳು. ಸೆರಗು ಬಂತು. ನೀನು ಬರಲಿಲ್ಲ.

ಮಣ್ಣಿನ ಹೊತ್ತಿಗೆ ನಮ್ಮವರ ಪದ್ಧತಿಯಂತೆ ನಿನ್ನನ್ನು ಕೂಡಿಸಿಯೇ ಕುಣಿಯಲ್ಲಿಟ್ಟರು. ವಿಭೂತಿ ಹಚ್ಚಿದ್ದರು, ರೆಪ್ಪೆಯ ಮೇಲೆ ಒಂದು ಎಳೆ ಅರಳೆ ಹಾಗೇ ಇತ್ತು. ನಾನು ನೋಡಿಕೊಂಡೇ ಇದ್ದೆ. ಅಲ್ಲಿಯೂ ನಿನ್ನನ್ನು ಮಲಗಗೊಡಲಿಲ್ಲ. "ಜಿನ್ನ ಒಯ್ತು" ಎಂದು ಬಂದವರೆಲ್ಲ ಅಂದರು. ಆ ಮಾತಿನಲ್ಲಿ ಎರಡು ಅರ್ಥವೂ ಕೇಳಿಸಿದ್ದು ನನಗೊಬ್ಬನಿಗೇ. ಯಾರಿಗೂ ಹೇಳಲಿಲ್ಲ. ಅಪ್ಪ ಇವತ್ತಿಗೂ ಚಕ್ಕಡಿಯ ಎತ್ತಿಗೆ ಗೆಜ್ಜೆ ಕಟ್ಟಿಲ್ಲ. ಯಾಕೆಂದು ಕೇಳಿದರೆ, "ಸಪ್ಪಳ ಯಾಕ ಸುಮ್ನ" ಎನ್ನುತ್ತಾನೆ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಗಂಗಿ ನನ್ನ ಹತ್ತಿರ ಮೂಡಲಗಿಯಲ್ಲೇ ಇದ್ದಾಳೆ, ಉದ್ದವಾಗಿದ್ದಾಳೆ, ಬಾಯಿ ನಿನ್ನದೇ. ಹೋದ ಶ್ರಾವಣದಲ್ಲಿ ಯಾರೋ ಹುಡುಗಿಯರು, "ನಿಮ್ಮವ್ವಗ ಜಿನ್ನ ಹಿಡದಿತ್ತಂತ" ಎಂದರೆಂದು ಅಳುತ್ತ ಬಂದಳು. ನಾನು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ, ಹತ್ತಿಯ ಬುಟ್ಟಿಯ ಕಥೆಯಿಂದ ಹಿಡಿದು ನೀನು ಕಣ್ಣು ಹೊಡೆದದ್ದರ ತನಕ. ಆಕೆ ಮೊದಲು ಫಕ್ಕನೆ ನಕ್ಕಳು. ಆಮೇಲೆ ಅಪ್ಪನ ಹಾಗೆಯೇ ನನ್ನ ಮುಖ ನೋಡಿದಳು. ಸೋಗು ಎನ್ನುತ್ತಾಳೆಂದು ಹೆದರಿದೆ. "ಅಣ್ಣಾ, ಹಂಗಾರ ಅವ್ವ ಬರೇ ದಣದಿದ್ದಳಲಾ?" ಎಂದಳು. ನಂಬಿದಳು, ಅವ್ವಾ. ನೀನು ಹೇಳಿದ್ದನ್ನು ಕೊನೆಗೂ ಒಬ್ಬರು ನಂಬಿದರು. ಅದೂ ನೀನು ಯಾರಿಗಾಗಿ ಹೇಳಿದ್ದೆಯೋ ಆಕೆಯೇ.

ಮತ್ತೊಂದು. ನನಗೆ ಮದುವೆಯಾಗಿದೆ. ಆಕೆಯ ಹೆಸರು ಕಾಶವ್ವ, ನಿನ್ನ ಮೊಮ್ಮಗನಿಗೆ ಈಗ ಎರಡು ಹಲ್ಲು. ಯುದ್ಧ ನಡೆದು ಎಲ್ಲ ತುಟ್ಟಿಯಾಗಿದೆ, ಬರೀ ಅರ್ಜಿಯಿಂದ ಮನೆ ನಡೆಯುವುದಿಲ್ಲ. ಕಾಶವ್ವ ಇಲ್ಲಿಯ ಜಿನ್ನಿಗೆ ಹೋಗುತ್ತಾಳೆ. ಹೌದು, ಮತ್ತೆ ಜಿನ್ನೇ. ಒಂದು ದಿನ ಉಳ್ಳಾಗಡ್ಡಿ ಹೆಚ್ಚುತ್ತ ಕೂತವಳು ಹೆಚ್ಚುವುದನ್ನು ಬಿಟ್ಟಳು, ಅಳುವುದನ್ನು ಬಿಡಲಿಲ್ಲ. "ಏನೂ ಆಗಿಲ್ರಿ. ಸಾಕಾಗೈತಿ. ಅದನ್ನs ಹೇಳಾಕ ನಾಚಿಕಿ" ಎಂದಳು. ನಾನು ಹುಕ್ಕೇರಿಗೆ ಚಕ್ಕಡಿ ಹೂಡಲಿಲ್ಲ. ಈಳಿಗೆ ಇಸಿದುಕೊಂಡೆ. ಗಂಗಿ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು. ಈಗ ಸಂಜೆಯ ರೊಟ್ಟಿ ನನ್ನದು. ನನ್ನ ರೊಟ್ಟಿ ಹುಕ್ಕೇರಿ ತಾಲೂಕಿನ ನಕಾಶೆಯಂತಿರುತ್ತದೆ. ಬಾಜೂ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿ, "ಏನ್ರೀ ಅರ್ಜಿ ಈರಪ್ಪಾರ, ರೊಟ್ಟೀ ಮ್ಯಾಲೆ ಸಹೀನೂ ಮಾಡ್ತೀರೇನ್ರೀ?" ಎನ್ನುತ್ತಾಳೆ. ಅನ್ನಲಿ. ನಿನಗೆ ನಾನು ಕೊಡುವ ಮಾತು ಇಷ್ಟೇ: ಈ ಮನೆಯಲ್ಲಿ ದಣಿವಾಗಿದೆ ಎಂದರೆ ಸಾಕು. ಕೂಸು ಕೂಸಿನ ಅವ್ವನ ಹತ್ತಿರವೇ ಇರುತ್ತದೆ. ಆಕೆ ಮಲಗಿದಾಗ ಆಕೆಯ ನಿದ್ದೆಗೆ ಯಾರೂ ಅಡ್ಡ ಬರಕೂಡದು ಎಂದು ಮನೆಗೆಲ್ಲ ತಾಕೀತು ಮಾಡಿದ್ದೇನೆ, ಬೆಕ್ಕಿಗೂ ಸಹ.

ಒಂದೇ ಒಂದು ಮಾತು ಉಳಿದಿದೆ, ಅದನ್ನು ಕಾಶವ್ವನಿಗೆ ಹೇಳಿಲ್ಲ. ಆಕೆ ಕೆಲಸದಿಂದ ಬಂದು ಮಲಗಿ ಸ್ವಲ್ಪ ಹೊತ್ತಾಗುತ್ತದೋ ಇಲ್ಲವೋ, ನಾನು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಸೆರಗು ಏರಿಳಿಯುವುದು ಕಂಡರೂ ನನಗೆ ನಂಬಿಕೆಯಾಗುವುದಿಲ್ಲ. ಭುಜ ಹಿಡಿದು ಅಲುಗಾಡಿಸಿ, "ಕಾಶವ್ವಾ, ಉಪ್ಪ ಎಲ್ಲಿಟ್ಟಿ?" ಎನ್ನುತ್ತೇನೆ. ಉಪ್ಪು ನನ್ನ ಕೈಯಲ್ಲೇ ಇರುತ್ತದೆ. ಆಕೆ ಕೆಂಪು ಕಣ್ಣು ಬಿಟ್ಟು, "ಒಂದ ಗಳಿಗಿ ಮಲಗಾಕರೆ ಬಿಡ್ರಲಾ" ಎಂದು ಬೈದ ಮೇಲೆಯೇ ನನಗೆ ಉಸಿರು ಬರುವುದು. ಇವತ್ತೂ ಎಬ್ಬಿಸಿದೆ, ಅವ್ವಾ.